ಬಿಲ್ ಬಾರದ ಸಾವು

(ಸಂಘದ ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಭೆಯಲ್ಲಿ, ನಿಧಿಯ ಲೆಕ್ಕಪತ್ರ ನೋಡಿಕೊಳ್ಳುವ ಸದಸ್ಯರು ಮಾಡಿದ ಭಾಷಣದ ಲಿಖಿತ ರೂಪ)



ನಾನು ವೈದ್ಯನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದವನು, ಕ್ಯಾಶ್ ಕೌಂಟರಿನಿಂದ ಹಿಡಿದು ಸಾಲ ವಿಭಾಗದವರೆಗೆ ಎಲ್ಲ ಕುರ್ಚಿಯಲ್ಲೂ ಕೂತು ನಿವೃತ್ತನಾದವನು. ಈ ನಿಧಿಯ ಲೆಕ್ಕ ಬರೆಯುವುದು ನನ್ನ ಪಾಲಿಗೆ ಬಂದ ಸೇವೆ. ಹೃದಯದ ಬಗ್ಗೆ ಇವನೇನು ಮಾತಾಡುತ್ತಾನೆ ಎಂದು ಹಿಂದಿನ ಸಾಲಿನ ಮಿತ್ರರು ನಗುತ್ತಿರುವುದು ಕಾಣುತ್ತಿದೆ. ನಗಲಿ. ವೈದ್ಯಕೀಯ ಸಂಗತಿಗಳನ್ನೆಲ್ಲ ನಮ್ಮ ಸದಸ್ಯರೇ ಆದ ಹೃದ್ರೋಗ ತಜ್ಞರೊಬ್ಬರಿಗೆ ತೋರಿಸಿ, ಅವರು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟ ಮೇಲೆಯೇ ಇಲ್ಲಿಗೆ ತಂದಿದ್ದೇನೆ.

ಕಳೆದ ತಿಂಗಳು ನಿಧಿಯ ಹತ್ತು ವರ್ಷದ ಪಾವತಿ ಪುಸ್ತಕಗಳನ್ನು ತೆಗೆದು ಒಂದೊಂದೇ ಪುಟ ನೋಡಿದೆ. ಡಯಾಲಿಸಿಸ್ ಇದೆ, ಕ್ಯಾನ್ಸರ್ ಇದೆ, ಬೈಪಾಸ್, ಆಂಜಿಯೋಪ್ಲಾಸ್ಟಿ ಇದೆ, ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಖರ್ಚಿದೆ, ಲೋಕಲ್ ರೈಲಿನಿಂದ ಬಿದ್ದವರ ಕಾಲಿನ ಶಸ್ತ್ರಚಿಕಿತ್ಸೆ ಇದೆ. ಪ್ರತಿಯೊಂದಕ್ಕೂ ಆಸ್ಪತ್ರೆಯ ಬಿಲ್, ವೈದ್ಯರ ಪತ್ರ, ಅರ್ಜಿ, ಸಮಿತಿಯ ನಿರ್ಣಯ ಲಗತ್ತಾಗಿದೆ. ಯಾವ ಆಡಿಟರ್ ಬಂದರೂ ಬೆರಳು ಇಡುವಂತಿಲ್ಲ. ಆದರೆ ಇದೇ ಹತ್ತು ವರ್ಷದಲ್ಲಿ ನಾವು ಕಳೆದುಕೊಂಡ ಕೆಲವರ ಹೆಸರು ಆ ಪುಸ್ತಕಗಳಲ್ಲಿ ಎಲ್ಲೂ ಸಿಗಲಿಲ್ಲ. ಬೆಳಿಗ್ಗೆ ಓಡಲು ಹೋದವರು, ಷಟಲ್ ಆಡಲು ಹೋದವರು, ಜಿಮ್ಮಿಗೆ ಹೋದವರು. ಹೋದವರು ಹಾಗೆಯೇ ಹೋದರು. ಆಸ್ಪತ್ರೆಗೆ ತಲುಪುವ ಮೊದಲೇ ಎಲ್ಲ ಮುಗಿದಿದ್ದರಿಂದ ಅವರಿಗೆ ಬಿಲ್ ಆಗಲೇ ಇಲ್ಲ. ಬಿಲ್ ಇಲ್ಲ ಎಂದಮೇಲೆ ಅರ್ಜಿ ಇಲ್ಲ. ಅರ್ಜಿ ಇಲ್ಲ ಎಂದಮೇಲೆ ಪಾವತಿ ಇಲ್ಲ. ನಮ್ಮ ಲೆಕ್ಕದ ಪ್ರಕಾರ ಆ ಸಾವುಗಳು ನಡೆದೇ ಇಲ್ಲ.

ಆ ಪುಸ್ತಕದಲ್ಲಿ ಇಲ್ಲದವರ ಬಗ್ಗೆ ಇವತ್ತು ಮಾತಾಡಬೇಕು ಎಂದುಕೊಂಡಿದ್ದೇನೆ. ಬರುವ ತಿಂಗಳು ನಮ್ಮ ವಾರ್ಷಿಕ ಕ್ರೀಡಾಕೂಟ ಬೇರೆ ಇದೆ.

ನಿಮ್ಮಲ್ಲಿ ಹಲವರಿಗೆ ಗೊತ್ತಿದ್ದ ಒಬ್ಬ ಸದಸ್ಯರ ವಿಷಯ ಹೇಳುತ್ತೇನೆ. ಹೆಸರು ಬೇಡ, ಮನೆಯವರು ಒಪ್ಪಿಯೇ ಹೇಳಲು ಬಿಟ್ಟಿದ್ದಾರೆ. ವಯಸ್ಸು ಐವತ್ತೆಂಟು. ಸಿಗರೇಟು ಬಿಟ್ಟು ನಾಲ್ಕು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಸಂಜೆ ಸೊಸೈಟಿಯ ಹಿಂದಿನ ಕೋರ್ಟಿನಲ್ಲಿ ಷಟಲ್. ಕೊನೆಯ ಒಂದು ವಾರ ಮೆಟ್ಟಿಲು ಹತ್ತುವಾಗ ಎದೆ ಭಾರ ಎನ್ನುತ್ತಿದ್ದರಂತೆ. ಗ್ಯಾಸ್ ಇರಬೇಕೆಂದು ಜೀರಿಗೆ ನೀರು ಕುಡಿದರು, ಸೋಡಾ ಕುಡಿದರು. ಆ ಸಂಜೆ ಎರಡನೇ ಗೇಮಿನ ನಡುವೆ ಕುಸಿದುಬಿದ್ದರು. ಕೋರ್ಟಿನಲ್ಲಿ ಆರೇಳು ಜನ ಇದ್ದರು, ಎಲ್ಲರೂ ಒಳ್ಳೆಯವರು, ಎಲ್ಲರೂ ಏನಾದರೊಂದು ಮಾಡಿದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು. ಇನ್ನೊಬ್ಬರು ಅಂಗಾಲು ತಿಕ್ಕಿದರು. ಕೈಕಾಲು ಅದುರಿದ್ದನ್ನು ನೋಡಿ ಫಿಟ್ಸ್ ಇರಬೇಕೆಂದು ವಾಚ್‌ಮನ್ ಓಡಿಬಂದು ಕೈಗೆ ಬೀಗದ ಕೈ ಗೊಂಚಲು ಹಿಡಿಸಿದ. ಗೊರಗೊರ ಎಂದು ಉಸಿರು ಎಳೆಯುತ್ತಿದ್ದರಿಂದ ಜೀವ ಇದೆ, ಏನೂ ಆಗುವುದಿಲ್ಲ ಎಂದು ಎಲ್ಲರೂ ಧೈರ್ಯ ಹೇಳಿಕೊಂಡರು. ಕಾರು ತಂದು, ಹಿಂದಿನ ಸೀಟಿನಲ್ಲಿ ಮಲಗಿಸಿ, ಸಂಜೆಯ ಟ್ರಾಫಿಕ್ಕಿನಲ್ಲಿ ಆಸ್ಪತ್ರೆಗೆ ತಲುಪಿಸುವಷ್ಟರಲ್ಲಿ ಅರ್ಧ ಗಂಟೆಯ ಮೇಲಾಗಿತ್ತು. ವೈದ್ಯರು ಒಂದು ಚೀಟಿ ಬರೆದುಕೊಟ್ಟರು, ಅಷ್ಟೇ.

ಹದಿನೈದು ದಿನದ ಮೇಲೆ ನಾನೂ ಕಾರ್ಯದರ್ಶಿಗಳೂ ಅವರ ಮನೆಗೆ ಹೋಗಿದ್ದೆವು. ಅವರ ಶ್ರೀಮತಿಯವರು ಕೇಳಿದ ಒಂದೇ ಪ್ರಶ್ನೆ: "ಅಣ್ಣಾ, ಅಲ್ಲೇ ಏನಾದರೂ ಮಾಡಬಹುದಿತ್ತಾ?" ನಾವಿಬ್ಬರೂ ಏನೂ ಹೇಳಲಿಲ್ಲ. ಇಂಥ ಮನೆಯಲ್ಲಿ ಕೂತು ಉತ್ತರ ಕೊಡುವ ಪ್ರಶ್ನೆಯಲ್ಲ ಅದು. ಆದರೆ ಸಭೆಯಲ್ಲಿ ಕೊಡಬೇಕು. ಮಾಡಬಹುದಿತ್ತು. ಉಳಿಯುತ್ತಿದ್ದರು ಎಂದು ಯಾರೂ ಬರೆದುಕೊಡಲಾರರು, ಆದರೆ ಮಾಡುವುದಕ್ಕೆ ಇತ್ತು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಾವು ಎಲ್ಲದಕ್ಕೂ ಹಾರ್ಟ್ ಅಟ್ಯಾಕ್ ಎನ್ನುತ್ತೇವೆ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಮನುಷ್ಯನಿಗೆ ಎಚ್ಚರ ಇರುತ್ತದೆ, ನೋವು, ಬೆವರು ಇರುತ್ತದೆ, ಮಾತಾಡುತ್ತಾನೆ. ಹೃದಯ ಸ್ತಂಭನ ಬೇರೆ. ಅಲ್ಲಿ ಹೃದಯದ ವಿದ್ಯುತ್ ವ್ಯವಸ್ಥೆಯೇ ಕೆಡುತ್ತದೆ, ಹೃದಯ ಬಡಿಯುವುದು ಬಿಟ್ಟು ಸುಮ್ಮನೆ ನಡುಗುತ್ತದೆ. ರಕ್ತ ಮುಂದೆ ಹೋಗುವುದಿಲ್ಲ. ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡಬಹುದು, ನಮ್ಮ ವಯಸ್ಸಿನವರಲ್ಲಿ ಹೆಚ್ಚಾಗಿ ಆಗುವುದು ಹಾಗೆಯೇ. ನಡುಗುವ ಹೃದಯವನ್ನು ಸರಿದಾರಿಗೆ ತರಲು ವಿದ್ಯುತ್ ಶಾಕ್ ಬೇಕು. ಶಾಕ್ ಸಿಗುವವರೆಗೆ ಯಾರಾದರೂ ಎದೆ ಒತ್ತುತ್ತಾ ಮಿದುಳಿಗೆ ರಕ್ತ ಕಳುಹಿಸುತ್ತಿರಬೇಕು. ಏನೂ ಮಾಡದೆ ಹೋದರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಬ್ಯಾಂಕಿನವರು ಬಡ್ಡಿಯನ್ನು ವರ್ಷಕ್ಕೆ ಲೆಕ್ಕ ಹಾಕುತ್ತೇವೆ, ಇಲ್ಲಿ ಅದು ನಿಮಿಷಕ್ಕೆ ಓಡುತ್ತದೆ. ಹತ್ತು ನಿಮಿಷ ಕಳೆದರೆ ಅಸಲೂ ಇಲ್ಲ.

ಈಗ ಅಪ್ಪು ವಿಷಯಕ್ಕೆ ಬರುತ್ತೇನೆ. ನೀವೆಲ್ಲ ಮನಸ್ಸಿನಲ್ಲಿ ಅದನ್ನೇ ನೆನೆಸಿಕೊಳ್ಳುತ್ತಿದ್ದೀರಿ. 2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ಅವರಿಗೆ ಆಗ 46 ವರ್ಷ. ಬೆಳಿಗ್ಗೆ ವ್ಯಾಯಾಮದ ನಂತರ ಮೈ ಸರಿಯಿಲ್ಲ ಎನ್ನಿಸಿ ಮನೆಯ ವೈದ್ಯರ ಬಳಿ ಹೋದರು, ಅಲ್ಲಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಕೈಮೀರಿತು. ಮುಂಬಯಿಯಲ್ಲಿ ಕೂತ ನಾವೂ ಆ ದಿನ ಊಟ ಮಾಡಲಿಲ್ಲ. ಆಮೇಲಿನ ವಾರಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಸಾಲು ನಿಂತಿತು, ಬಹುತೇಕ ಯುವಕರು. ಇಲ್ಲಿ ನಮ್ಮ ಕಟ್ಟಡದಲ್ಲೇ ಮೂವರು ಜಿಮ್ ಬಿಟ್ಟರು. ಒಬ್ಬರಂತೂ ಅಷ್ಟು ದೇಹ ದಂಡಿಸಿದವರಿಗೇ ಹೀಗಾದರೆ ನಾವು ಸುಮ್ಮನೆ ಸೋಫಾದಲ್ಲಿ ಇರುವುದೇ ಕ್ಷೇಮ ಎಂದು ತೀರ್ಮಾನಿಸಿದರು. ಅವರ ಹೊಟ್ಟೆ ಈಗ ಅವರಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತದೆ.

ಆ ತೀರ್ಮಾನ ತಪ್ಪು ಎಂದು ಲೆಕ್ಕವೇ ಹೇಳುತ್ತದೆ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್, ಹಾಫ್ ಮ್ಯಾರಥಾನ್ ಓಡಿದ ಸುಮಾರು 1 ಕೋಟಿ 9 ಲಕ್ಷ ಜನರನ್ನು ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನವಿದೆ. ಹೃದಯ ಸ್ತಂಭನವಾದದ್ದು 59 ಜನರಿಗೆ. ಅವರಲ್ಲಿ 42 ಜನ ತೀರಿಕೊಂಡರು. ಓಟ ಅಪಾಯವೆಂದು ಓಡುವುದನ್ನು ಬಿಡುವಷ್ಟು ದೊಡ್ಡ ಸಂಖ್ಯೆಯಲ್ಲ ಅದು. ಹಾಗೆಂದು ಸಣ್ಣದು ಎಂದು ಮಡಿಚಿಡುವ ಹಾಗೂ ಇಲ್ಲ. ಇದೇ ನಮ್ಮೂರಿನಲ್ಲಿ, 2024ರ ಜನವರಿಯ ಮುಂಬಯಿ ಮ್ಯಾರಥಾನ್‌ನಲ್ಲಿ ಇಬ್ಬರು ಜೀವ ಕಳೆದುಕೊಂಡರು. ಆ 59 ಜನರಲ್ಲಿ ಉಳಿದವರು ಯಾಕೆ ಉಳಿದರು ಎಂದು ಹುಡುಕಿದಾಗ ಎದ್ದು ಕಂಡ ಕಾರಣ, ಪಕ್ಕದಲ್ಲಿದ್ದ ಯಾರೋ ತಕ್ಷಣ ಎದೆ ಒತ್ತಲು ಶುರುಮಾಡಿದ್ದರು ಎಂಬುದು.

ನಿಯಮಿತವಾಗಿ ವ್ಯಾಯಾಮ ಮಾಡುವವರಿಗೆ ಅಪಾಯ ಕಡಿಮೆ. ಅಪಾಯ ಇರುವುದು ವರ್ಷವಿಡೀ ಕೂತಿದ್ದು ಒಂದು ದಿನ ಎದ್ದು ಓಡುವವರಿಗೆ. ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ, ನಮ್ಮ ಕ್ರೀಡಾಕೂಟದ ಐವತ್ತು ದಾಟಿದವರ ಹಗ್ಗಜಗ್ಗಾಟಕ್ಕಿಂತ ಇದಕ್ಕೆ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬೆಳಿಗ್ಗೆ ಇಡ್ಲಿ, ವಡೆ, ಶೀರಾ, ಎರಡು ಕಪ್ ಕಾಫಿ. ಹನ್ನೊಂದು ಗಂಟೆಯ ಬಿಸಿಲು. ಎದುರಿಗೆ ಪಕ್ಕದ ಉಪನಗರದ ತಂಡ. ಹಿಂದೆ ನಿಂತು ಮಡದಿ, ಮಕ್ಕಳು ಕೂಗುತ್ತಿದ್ದಾರೆ. ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ ಎಳೆಯುತ್ತೇವೆ. ಹಾಗೆ ಉಸಿರು ಕಟ್ಟಿ ಜೋರು ಹಾಕಿದಾಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಒಳಗೆ ನಾಳದ ಗೋಡೆಯಲ್ಲಿ ಕೊಬ್ಬಿನ ಗಂಟೊಂದು ಸುಮ್ಮನೆ ಕೂತಿದ್ದರೆ, ಒಡೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ?

ಮೂವತ್ತೈದು ದಾಟಿದವರಲ್ಲಿ ಆಟದ ನಡುವಿನ ಸಾವಿಗೆ ಮುಖ್ಯ ಕಾರಣ ಈ ನಾಳದ ರೋಗವೇ. ಅಮೆರಿಕದಲ್ಲಿ ಜಿಮ್ ಫಿಕ್ಸ್ ಎಂಬವರಿದ್ದರು. ಓಟದ ಬಗ್ಗೆ 1977ರಲ್ಲಿ ಪುಸ್ತಕ ಬರೆದು ಲಕ್ಷಾಂತರ ಜನರನ್ನು ರಸ್ತೆಗಿಳಿಸಿದವರು. 1984ರಲ್ಲಿ, 52ನೇ ವಯಸ್ಸಿನಲ್ಲಿ, ಓಡುತ್ತಿರುವಾಗಲೇ ಹೋದರು. ಶವಪರೀಕ್ಷೆಯಲ್ಲಿ ಹೃದಯದ ನಾಳಗಳು ಕಟ್ಟಿಕೊಂಡಿದ್ದು ಕಂಡಿತು. ಅವರ ತಂದೆ 43ಕ್ಕೇ ಹೃದಯಾಘಾತದಿಂದ ತೀರಿಕೊಂಡಿದ್ದರು. ಓಟ ಅವರನ್ನು ಕೊಂದಿತು ಎಂದು ಆಗ ತಮಾಷೆ ಮಾಡಿದವರಿದ್ದರು. ನನಗಂತೂ ಅದು ವಂಶದ ಹಳೆಯ ಸಾಲ ಎನಿಸುತ್ತದೆ. ಓಡಿದ್ದರಿಂದ ಬಡ್ಡಿ ಕಡಿಮೆಯಾಗಿ ಕೆಲವು ವರ್ಷ ಹೆಚ್ಚು ಸಿಕ್ಕಿದ್ದರೂ ಸಿಕ್ಕಿರಬಹುದು.

ಹುಡುಗರ ಕಥೆ ಬೇರೆ. ಅವರಲ್ಲಿ ಹುಟ್ಟಿನಿಂದ ಬಂದ ದೋಷಗಳು ಹೆಚ್ಚು: ಹೃದಯದ ಸ್ನಾಯು ದಪ್ಪವಾಗುವುದು, ವಿದ್ಯುತ್ ವ್ಯವಸ್ಥೆಯ ತೊಂದರೆ, ರಕ್ತನಾಳ ತಪ್ಪು ಜಾಗದಿಂದ ಹೊರಡುವುದು. ಕೆಲವೊಮ್ಮೆ ವೈರಲ್ ಜ್ವರದ ನಂತರ ಹೃದಯದ ಸ್ನಾಯುವಿಗೆ ಉರಿಯೂತ ಬರುತ್ತದೆ. ಜ್ವರದಲ್ಲೂ ಅದು ಇಳಿದ ಬೆನ್ನಿಗೂ ಆಡಬಾರದು ಎನ್ನುವುದು ಅದಕ್ಕೇ. ಕ್ಯಾಮರೂನ್ ದೇಶದ ಫುಟ್‌ಬಾಲ್ ಆಟಗಾರ ಮಾರ್ಕ್ ವಿವಿಯನ್ ಫೋ 2003ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಮೈದಾನದಲ್ಲಿ, ಯಾರೂ ತಾಗದೆಯೇ, ಕುಸಿದು ಸತ್ತಾಗ ವಯಸ್ಸು 28. ಅವರ ಹೃದಯದ ಸ್ನಾಯು ದಪ್ಪವಾಗಿತ್ತು. ಮರುವರ್ಷ, 2004ರ ಡಿಸೆಂಬರ್ 5ರಂದು, ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೆಯ ಗೋಲು ಹೊಡೆಯುವಾಗ ಗೋಲ್‌ಕೀಪರಿಗೆ ಡಿಕ್ಕಿ ಹೊಡೆದು ಬಿದ್ದವರು ಏಳಲಿಲ್ಲ. ಮೈದಾನದಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆ ಏನಿತ್ತು ಎಂದು ಆಗ ದೊಡ್ಡ ಚರ್ಚೆಯಾಯಿತು. ಚರ್ಚೆ ಎಷ್ಟು ದಿನ ಬಾಳಿತು ಎಂಬುದಕ್ಕೆ ಇನ್ನೊಂದು ಪ್ರಸಂಗ ಕೇಳಿ.

2012ರ ಮಾರ್ಚ್ 17. ಲಂಡನ್. ಬೋಲ್ಟನ್ ತಂಡದ 23 ವರ್ಷದ ಫ್ಯಾಬ್ರಿಸ್ ಮುಆಂಬ ಪಂದ್ಯದ ನಡುವೆ ಮುಖಡಿಯಾಗಿ ಬಿದ್ದರು. ಅವರ ಹೃದಯ ತಾನಾಗಿ ಬಡಿಯದೆ 78 ನಿಮಿಷ ಕಳೆಯಿತು. ಅಷ್ಟೂ ಹೊತ್ತು ಮೈದಾನದಲ್ಲಿ, ಆಂಬುಲೆನ್ಸಿನಲ್ಲಿ, ಆಸ್ಪತ್ರೆಯಲ್ಲಿ ಸರದಿಯಂತೆ ಎದೆ ಒತ್ತಿದರು, ಮತ್ತೆ ಮತ್ತೆ ಶಾಕ್ ಕೊಟ್ಟರು. ಪ್ರೇಕ್ಷಕರ ನಡುವೆ ಕೂತಿದ್ದ ಹೃದ್ರೋಗ ತಜ್ಞರೊಬ್ಬರು ಬೇಲಿ ದಾಟಿ ಓಡಿ ಬಂದರು. ಮುಆಂಬ ಬದುಕಿದರು. ಅದಾದ ನಾಲ್ಕೇ ದಿನಕ್ಕೆ, ಮಾರ್ಚ್ 21ರಂದು, ಬೆಂಗಳೂರಿನಲ್ಲಿ ಜಿಲ್ಲಾ ಲೀಗ್ ಪಂದ್ಯ. ಬೆಂಗಳೂರು ಮಾರ್ಸ್ ತಂಡದ 27 ವರ್ಷದ ಆಟಗಾರ ವೆಂಕಟೇಶ್ ಕುಸಿದರು. ಆಂಬುಲೆನ್ಸ್ ಇರಲಿಲ್ಲ. ಜೊತೆಯವರು ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ಉಳಿಯಲಿಲ್ಲ. ಇಬ್ಬರ ರೋಗ ಒಂದೇ ಆಗಿತ್ತೆಂದು ನಾನು ಹೇಳುತ್ತಿಲ್ಲ. ಒಬ್ಬನಿಗೆ ಸಿಕ್ಕ ಅವಕಾಶ ಇನ್ನೊಬ್ಬನಿಗೆ ಸಿಗಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಆ ಆಟೋ ಪ್ರಯಾಣ ನನ್ನ ತಲೆಯಿಂದ ಹೋಗುವುದೇ ಇಲ್ಲ.

ಮೊದಲೇ ಎಲ್ಲರ ತಪಾಸಣೆ ಮಾಡಿಸಿಬಿಟ್ಟರೆ ಸಾಲದೇ ಎಂದು ಸಮಿತಿಯಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ. ಇಟಲಿಯಲ್ಲಿ 1982ರಿಂದ ಸ್ಪರ್ಧೆಗಿಳಿಯುವ ಆಟಗಾರರಿಗೆಲ್ಲ ಇಸಿಜಿ ಸಹಿತ ತಪಾಸಣೆ ಕಡ್ಡಾಯ. ಅಲ್ಲಿನ ವೆನೆಟೊ ಪ್ರಾಂತದಲ್ಲಿ ಯುವ ಆಟಗಾರರ ಹಠಾತ್ ಸಾವು ವರ್ಷಕ್ಕೆ ಲಕ್ಷಕ್ಕೆ 3.6 ಇದ್ದದ್ದು ಎರಡು ದಶಕದಲ್ಲಿ 0.4ಕ್ಕೆ ಇಳಿಯಿತು. ಇದನ್ನು ಓದಿ ನಾನೂ ಖುಷಿಪಟ್ಟೆ. ನಮ್ಮ ತಜ್ಞರು ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಬರೆದರು: ಇಸ್ರೇಲ್ 1997ರಲ್ಲಿ ಇದನ್ನೇ ಕಡ್ಡಾಯ ಮಾಡಿತು, ಅಲ್ಲಿ ಸಾವು ಇಳಿದದ್ದು ಕಾಣಲಿಲ್ಲ. ಅಮೆರಿಕದಲ್ಲಿ ಎಲ್ಲರಿಗೂ ಇಸಿಜಿ ಬೇಕೆನ್ನುವುದಿಲ್ಲ, ಸರಿಯಾದ ಪ್ರಶ್ನೆ ಕೇಳಿ, ಸ್ಟೆತಾಸ್ಕೋಪ್ ಇಟ್ಟು, ಬಿಪಿ ನೋಡಿ, ಅನುಮಾನ ಬಂದವರನ್ನು ಮುಂದೆ ಕಳುಹಿಸುತ್ತಾರೆ. ತಪಾಸಣೆಯಿಂದ ಕೆಲವರು ಸಿಗುತ್ತಾರೆ, ಎಲ್ಲರೂ ಸಿಗುವುದಿಲ್ಲ. ಸಾಲ ಕೊಡುವ ಮುಂಚೆ ಎಷ್ಟೇ ಕಾಗದ ನೋಡಿದರೂ ಕೆಲವು ಖಾತೆ ಮುಳುಗುತ್ತವೆ, ಹಾಗೆಂದು ಕಾಗದ ನೋಡುವುದನ್ನು ಬಿಡುತ್ತೇವೆಯೇ?

ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಅವರ ಪ್ರಕರಣ ಇಲ್ಲಿ ಎರಡೂ ಕಡೆಗೆ ಸಾಕ್ಷಿ. ಅವರು ಆಡುತ್ತಿದ್ದದ್ದು ಅದೇ ಇಟಲಿಯ ಕ್ಲಬ್‌ಗೆ, ಅಂದರೆ ಜಗತ್ತಿನ ಅತ್ಯಂತ ಬಿಗಿಯಾದ ತಪಾಸಣೆ ದಾಟಿ ಬಂದವರು. ಆದರೂ 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಫಿನ್ಲೆಂಡ್ ವಿರುದ್ಧದ ಪಂದ್ಯದಲ್ಲಿ, ಕೋಟ್ಯಂತರ ಜನ ಟಿವಿಯಲ್ಲಿ ನೋಡುತ್ತಿದ್ದಾಗ ಕುಸಿದರು. ನನ್ನ ಮೊಮ್ಮಗ ಆ ಪಂದ್ಯ ನೋಡುತ್ತಿದ್ದ. ತಂಡದ ನಾಯಕ ಮೊದಲು ಓಡಿಬಂದರು, ಆಟಗಾರರು ಸುತ್ತ ಗೋಡೆಯಂತೆ ನಿಂತು ಕ್ಯಾಮೆರಾಗಳಿಗೆ ಅಡ್ಡವಾದರು, ವೈದ್ಯರು ಎದೆ ಒತ್ತಿದರು, ಯಂತ್ರ ತಂದು ಶಾಕ್ ಕೊಟ್ಟರು. ಒಂದೇ ಶಾಕಿಗೆ ಹೃದಯ ಮರಳಿತು. ಮುಂದೆ ಅವರ ಎದೆಯಲ್ಲಿ ಶಾಕ್ ಕೊಡುವ ಪುಟ್ಟ ಯಂತ್ರ ಅಳವಡಿಸಿದರು. ಆ ಯಂತ್ರ ಇರುವವರು ಇಟಲಿಯಲ್ಲಿ ಆಡುವಂತಿಲ್ಲ, ಹಾಗಾಗಿ ಇಂಗ್ಲೆಂಡಿಗೆ ಹೋಗಿ 2022ರಲ್ಲಿ ಮತ್ತೆ ಮೈದಾನಕ್ಕಿಳಿದರು. ಅದೇ ವರ್ಷದ ವಿಶ್ವಕಪ್ಪಿನಲ್ಲೂ ಆಡಿದರು.

ಅವರೆಲ್ಲ ದೊಡ್ಡ ಆಟಗಾರರು, ನಮಗೇನು ಎನ್ನಬೇಡಿ. ಫ್ರಾನ್ಸಿನಲ್ಲಿ 2005ರಿಂದ 2010ರವರೆಗೆ ಆಟ, ವ್ಯಾಯಾಮಗಳ ನಡುವೆ ಆದ 820 ಹಠಾತ್ ಪ್ರಕರಣಗಳನ್ನು ಲೆಕ್ಕಹಾಕಿದರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ನಮ್ಮಂತೆ ಹವ್ಯಾಸಕ್ಕೆ ಆಡುವವರು. ಶೇಕಡಾ 95 ಗಂಡಸರು. ಸರಾಸರಿ ವಯಸ್ಸು 46. ನೂರರಲ್ಲಿ 93 ಸಲ ಕಣ್ಣೆದುರಿಗೇ ಜನ ಇದ್ದರು. ಆದರೆ ಎದೆ ಒತ್ತಲು ಯಾರಾದರೂ ಮುಂದಾದದ್ದು ನೂರಕ್ಕೆ 31ರಷ್ಟು ಸಲ ಮಾತ್ರ. ಅದು ಫ್ರಾನ್ಸ್. ನಮ್ಮ ಷಟಲ್ ಕೋರ್ಟಿನಲ್ಲಿ ಆರೇಳು ಜನ ಇದ್ದರು ಎಂದು ಹೇಳಿದೆನಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು ದುಡ್ಡಿಲ್ಲದ ಕೆಲಸ. ವ್ಯಾಯಾಮದ ನಡುವೆ ಎದೆಯಲ್ಲಿ ಭಾರ ಅಥವಾ ಹಿಂಡಿದ ಹಾಗೆ, ದವಡೆಗೆ, ಎಡಗೈಗೆ ಹರಿಯುವ ನೋವು, ಹಿಂದೆ ಇಲ್ಲದ ಏದುಸಿರು, ಎದೆ ಡವಡವ, ತಲೆಸುತ್ತು ಬಂದರೆ ಆಟ ನಿಲ್ಲಿಸಿ, ವೈದ್ಯರನ್ನು ನೋಡಿ. ಗ್ಯಾಸ್ ಎಂದು ತೀರ್ಮಾನಿಸುವ ಅಧಿಕಾರ ಅವರಿಗೆ ಬಿಡಿ. ಓಡುತ್ತಿರುವಾಗಲೇ ಹುಡುಗನೊಬ್ಬ ಎಚ್ಚರತಪ್ಪಿ ಬಿದ್ದರೆ, ಬಿಸಿಲಿಗೆ ಹಾಗಾಯಿತು, ತಿಂಡಿ ತಿಂದಿರಲಿಲ್ಲ ಎಂದು ಬಿಡಬೇಡಿ. ಅದು ದೊಡ್ಡ ಎಚ್ಚರಿಕೆ. ಮನೆತನದಲ್ಲಿ ಐವತ್ತಕ್ಕೆ ಮುಂಚೆ ಯಾರಾದರೂ ಇದ್ದಕ್ಕಿದ್ದಂತೆ ಹೋಗಿದ್ದರೆ ಅದನ್ನು ಮಕ್ಕಳ ವೈದ್ಯರಿಗೆ ಹೇಳಿ. ನಮ್ಮಲ್ಲಿ ಇಂಥದನ್ನು ಮುಚ್ಚಿಡುವ ಅಭ್ಯಾಸವಿದೆ, ಹೆಣ್ಣುಮಕ್ಕಳ ಸಂಬಂಧಕ್ಕೆ ಅಡ್ಡಿಯಾದೀತೆಂದು. ನೀರಿನಲ್ಲಿ ಮುಳುಗಿ ಹೋದರು, ಗಾಳಿ ಹಿಡಿಯಿತು ಎಂದು ಊರಿನಲ್ಲಿ ಹೇಳುತ್ತಿದ್ದ ಎಷ್ಟೋ ಸಾವುಗಳ ಹಿಂದೆ ಹೃದಯ ಇದ್ದಿರಬಹುದು.

ಊರಿನಲ್ಲಿ ತಂದೆತಾಯಿ ಇರುವವರಿಗೆ ಇನ್ನೊಂದು ಮಾತು. ಪುನೀತ್ ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಹೃದಯ ಜ್ಯೋತಿ ಎಂಬ ಯೋಜನೆ ತಂದಿದೆ. ಎದೆನೋವು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತ ಎಂದು ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ. ಮುಂದಿನ ಸಲ ಫೋನ್ ಮಾಡುವಾಗ ಮಳೆ ಬೆಳೆ ವಿಚಾರಿಸಿದ ಮೇಲೆ ಇದನ್ನೂ ಹೇಳಿ.

ಎರಡನೆಯದು ಕೈಗಳ ಕೆಲಸ. ಕುಸಿದವರ ಭುಜ ತಟ್ಟಿ ಕರೆಯಿರಿ. ಉತ್ತರ ಇಲ್ಲ, ಉಸಿರಿಲ್ಲ ಅಥವಾ ಆಗೊಮ್ಮೆ ಈಗೊಮ್ಮೆ ಗೊರಗೊರ ಎನ್ನುತ್ತದೆ ಎಂದರೆ ಅದು ಹೃದಯ ಸ್ತಂಭನವೆಂದೇ ತಿಳಿಯಿರಿ. ಆ ಗೊರಗೊರ ಉಸಿರಾಟವಲ್ಲ. ಶುರುವಿನಲ್ಲಿ ಕೈಕಾಲು ಅದುರುವುದೂ ಉಂಟು, ಅದನ್ನು ನೋಡಿ ಕಬ್ಬಿಣ ಹುಡುಕಲು ಹೋಗಬೇಡಿ. ಒಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ. ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಮೊಣಕೈ ಮಡಿಚದೆ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಕೆಳಗೆ ಹೋಗುವಂತೆ ಒತ್ತಲಿ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಬೇಕು. ತರಬೇತಿ ಇಲ್ಲದವರು ಬಾಯಿಗೆ ಬಾಯಿ ಇಟ್ಟು ಊದಬೇಕಿಲ್ಲ, ಒತ್ತಿದರೆ ಸಾಕು. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಆಗ ಇನ್ನೊಬ್ಬರು ಕೂರಬೇಕು. ಪಕ್ಕೆಲುಬು ಮುರಿದರೆ ಎಂದು ಹೆದರುತ್ತಾರೆ. ಮುರಿಯಬಹುದು. ಮುರಿದ ಪಕ್ಕೆಲುಬಿನ ಬಿಲ್ ನಮ್ಮ ನಿಧಿಗೆ ತನ್ನಿ, ಸಂತೋಷದಿಂದ ಪಾಸು ಮಾಡುತ್ತೇನೆ.

ಮೂರನೆಯದು ಯಂತ್ರ. ಎಇಡಿ ಎನ್ನುತ್ತಾರೆ. ಊಟದ ಕ್ಯಾರಿಯರ್‌ಗಿಂತ ಸ್ವಲ್ಪ ದೊಡ್ಡದು. ಬಟನ್ ಒತ್ತಿದರೆ ಅದೇ ಮಾತಾಡಿ ಏನು ಮಾಡಬೇಕೆಂದು ಹೇಳುತ್ತದೆ. ಬರಿಯ ಎದೆಗೆ ಎರಡು ಪ್ಯಾಡ್ ಅಂಟಿಸಬೇಕು. ಬೆವರಿದ್ದರೆ ಮೊದಲು ಒರೆಸಬೇಕು. ಹೃದಯದ ಗತಿಯನ್ನು ಅದೇ ಓದುತ್ತದೆ, ಶಾಕ್ ಬೇಕಾದರೆ ಮಾತ್ರ ಕೊಡುತ್ತದೆ. ಬೇಡದವರಿಗೆ ನೀವು ಒತ್ತಾಯ ಮಾಡಿದರೂ ಕೊಡುವುದಿಲ್ಲ. ನಮ್ಮ ಕೆಲವು ಸಮಿತಿಗಳಿಗಿಂತ ಶಿಸ್ತಿನದ್ದು.

ಸಮಿತಿ ಒಪ್ಪಿರುವುದು ಇಷ್ಟು. ಸಂಘದ ಸಭಾಂಗಣಕ್ಕೆ ಒಂದು ಎಇಡಿ ಕೊಳ್ಳುವುದು, ಕ್ರೀಡಾಕೂಟದ ದಿನ ಅದನ್ನು ಮೈದಾನಕ್ಕೆ ಒಯ್ಯುವುದು. ನಲವತ್ತು ಸದಸ್ಯರಿಗೆ ಎದೆ ಒತ್ತುವ ತರಬೇತಿ. ಕ್ರೀಡಾಕೂಟಕ್ಕೆ ಹೆಸರು ಕೊಡುವಾಗ ಹತ್ತು ಪ್ರಶ್ನೆಗಳ ಒಂದು ಹಾಳೆ. ಅನುಮಾನ ಇರುವವರು ವೈದ್ಯರ ಚೀಟಿ ತಂದು ಆಡುವುದು. ನಮ್ಮ ಕಬಡ್ಡಿ ತಂಡದ ಹುಡುಗರಲ್ಲಿ ಮನೆತನದ ಹಿನ್ನೆಲೆ ಇರುವವರಿಗೆ ಇಸಿಜಿ, ಎಕೋ ಖರ್ಚು ನಿಧಿಯಿಂದ. ಐವತ್ತು ದಾಟಿದವರ ಹಗ್ಗಜಗ್ಗಾಟ ಇರುತ್ತದೆ, ಗಾಬರಿಯಾಗಬೇಡಿ. ಆದರೆ ಬೆಳಿಗ್ಗೆ ಎಂಟೂವರೆಗೆ, ತಿಂಡಿಗೆ ಮುಂಚೆ, ಹದಿನೈದು ನಿಮಿಷ ಮೈ ಬಿಸಿಮಾಡಿಕೊಂಡ ಮೇಲೆ. ಮುಗಿದ ತಕ್ಷಣ ನೆಲಕ್ಕೆ ಕೂರದೆ ಐದು ನಿಮಿಷ ನಡೆಯಬೇಕು.

ಒಂದು ಆಕ್ಷೇಪಣೆ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹಿರಿಯ ದಾನಿಯೊಬ್ಬರು ಕೇಳಿದರು: ಡಯಾಲಿಸಿಸ್‌ಗೆ ಕಾಯುತ್ತಿರುವ ಬಡವನ ಹಣದಲ್ಲಿ, ಒಮ್ಮೆಯೂ ಬಳಕೆಯಾಗದೆ ಹೋಗಬಹುದಾದ ಯಂತ್ರ ಯಾಕೆ? ಅವರ ಮಾತಿನಲ್ಲಿ ನ್ಯಾಯವಿದೆ. ಅದಕ್ಕೇ ನಿಧಿಯ ಮೂಲಧನವನ್ನೂ ಅದರ ಬಡ್ಡಿಯನ್ನೂ ಮುಟ್ಟುವುದಿಲ್ಲ, ಇದಕ್ಕೆ ಪ್ರತ್ಯೇಕ ಖಾತೆ, ಪ್ರತ್ಯೇಕ ರಸೀದಿ. ತರಿಸಿದ ಕೊಟೇಷನ್‌ಗಳು ಲಕ್ಷ ರೂಪಾಯಿಯ ಆಸುಪಾಸಿನಲ್ಲಿವೆ. ಒಂದು ಆಂಜಿಯೋಪ್ಲಾಸ್ಟಿಗೆ ನಾವು ಕೊಡುವ ನೆರವಿನ ಜೊತೆ ಹೋಲಿಸಿ ನೋಡಿ. ಬಳಕೆಯಾಗದೆ ಹೋದರೆ ದೇವರ ದಯೆ. ಸಭಾಂಗಣದ ಗೋಡೆಯ ಬೆಂಕಿ ಆರಿಸುವ ಸಿಲಿಂಡರನ್ನೂ ನಾವು ಒಮ್ಮೆಯೂ ಬಳಸಿಲ್ಲ, ಯಾರೂ ದಂಡ ಎಂದಿಲ್ಲ.

ನನ್ನ ಚಿಂತೆ ಕೊಳ್ಳುವುದರ ಬಗ್ಗೆ ಇಲ್ಲ. ಕೊಂಡ ಮೇಲಿನದು. ದಾನಿಗಳ ಹೆಸರಿನ ಫಲಕ ಹಾಕಿ, ಫೋಟೋ ತೆಗೆದು, ಯಂತ್ರವನ್ನು ಕಪಾಟಿನಲ್ಲಿಟ್ಟು, ಕೀಲಿಯನ್ನು ಖಜಾಂಚಿಯ ಕೈಗೆ ಕೊಟ್ಟು, ಖಜಾಂಚಿ ಊರಿಗೆ ಹೋಗುವುದು ನಮ್ಮಂಥ ಸಂಘಗಳ ಪದ್ಧತಿ. ಈ ಯಂತ್ರಕ್ಕೆ ಬೀಗ ಇರುವುದಿಲ್ಲ. ಬಾಗಿಲ ಪಕ್ಕದಲ್ಲಿ, ವಾಚ್‌ಮನ್‌ಗೂ ಕಾಣುವ ಜಾಗದಲ್ಲಿ ಇರುತ್ತದೆ. ವಾಚ್‌ಮನ್ ಕೂಡ ತರಬೇತಿಗೆ ಬರುತ್ತಾರೆ, ಮೊದಲ ಹೆಸರು ಅವರದೇ ಬರೆದಿದ್ದೇನೆ. ಪ್ಯಾಡ್‌ಗಳಿಗೆ ಅವಧಿ ಇದೆ, ಸುಮಾರು ಎರಡು ವರ್ಷ, ಬ್ಯಾಟರಿಗೂ ಇದೆ. ಅದರ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿದ್ದೇನೆ. ತಿಂಗಳಿಗೊಮ್ಮೆ ದೀಪ ಹಸಿರಿದೆಯೇ ನೋಡಿ ಸಹಿ ಹಾಕುವ ಒಂದು ರಿಜಿಸ್ಟರ್ ಇಡುತ್ತೇವೆ. ನಾನಿರುವವರೆಗೆ ಅದರ ಸಹಿ ನನ್ನದು.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇದೇ ಸಭಾಂಗಣದಲ್ಲಿ ತರಬೇತಿ. ಎರಡು ಗಂಟೆ ಸಾಕು. ರಬ್ಬರ್ ಬೊಂಬೆಯ ಎದೆ ಒತ್ತಬೇಕು, ಮಂಡಿಯೂರಬೇಕು, ಹಾಗಾಗಿ ತಾಯಂದಿರು ರೇಷ್ಮೆ ಸೀರೆ ಉಟ್ಟು ಬರಬೇಡಿ. ತಾಯಂದಿರು ಬರಲೇಬೇಕು, ಏಕೆಂದರೆ ಬೀಳುವವರು ಹೆಚ್ಚಾಗಿ ನಿಮ್ಮ ಮನೆಯ ಗಂಡಸರು. ಷಟಲ್ ಕೋರ್ಟಿನ ಆ ಗೆಳೆಯರೆಲ್ಲರೂ ಬರುತ್ತೇವೆಂದು ಹೇಳಿದ್ದಾರೆ. ಅವರ ಶ್ರೀಮತಿಯವರೂ ಹೆಸರು ಕೊಟ್ಟಿದ್ದಾರೆ.

ಹೊರಗೆ ಮೇಜಿನ ಮೇಲೆ ಎರಡು ಪುಸ್ತಕ ಇಟ್ಟಿದ್ದೇವೆ. ಒಂದು ರಸೀದಿ ಪುಸ್ತಕ, ಇನ್ನೊಂದು ತರಬೇತಿಗೆ ಹೆಸರು ಬರೆಯುವುದು. ನಲವತ್ತು ಸಾಲು ಗೆರೆ ಹಾಕಿದ್ದೇನೆ, ಹದಿನೇಳು ತುಂಬಿವೆ. ಚಹಾ ಕುಡಿಯುವ ಮುಂಚೆ ಆ ಮೇಜಿನ ಬಳಿ ಬನ್ನಿ.